ಎರಡನೇ ತಟ್ಟೆಯ ಚೀಟಿ

ನಮ್ಮ ಮನೆಯಲ್ಲಿ ಕೊಬ್ಬು ಎನ್ನುವುದು ಬೈಗುಳ. ನನಗೆ ಅದು ಹೊಟ್ಟೆಪಾಡು. "ನಿಂಗೆ ಕೊಬ್ಬು ಜಾಸ್ತಿ ಆಯ್ತು ಕಣೆ" ಎಂದು ನನ್ನ ಅಕ್ಕ ನನ್ನ ಹನ್ನೆರಡು ವರ್ಷದ ಮಗಳನ್ನು ಗದರಿದರೆ, ಅವಳು "ಅಮ್ಮನ ತಟ್ಟೇಲಿ ಇರೋದಕ್ಕಿಂತನಾ ದೊಡ್ಡಮ್ಮ?" ಎಂದು ಮೂಗು ಮುರಿಯುತ್ತಾಳೆ.

ಅವಳು ಹೇಳುವ ತಟ್ಟೆ ಊಟದ್ದಲ್ಲ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಮೇಲೊಂದು ಮುಚ್ಚಳ, ಒಳಗೆ ಆರು ದುಂಡನೆಯ ಗುಳಿ. ಪ್ರತಿ ಗುಳಿಯ ತಳದಲ್ಲಿ ಕಣ್ಣಿಗೆ ಕಾಣದ ಲಕ್ಷಗಟ್ಟಲೆ ಜೀವಕೋಶಗಳು ಚಾಪೆಯ ಹಾಗೆ ಹರಡಿಕೊಂಡಿರುತ್ತವೆ. ಒಂದು ಸಂಶೋಧನಾ ಕೇಂದ್ರದ ಕೋಶದ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಅವಕ್ಕೆ ಉಣಿಸಿ, ತೊಳೆದು, ಬೆಚ್ಚಗಿಟ್ಟು ಸಾಕುತ್ತಿರುವವಳು ನಾನು. ಅದಕ್ಕೂ ಮುಂಚೆ ಐದು ವರ್ಷ ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಗಾಜಿನ ಸೀಸೆ ತೊಳೆಯುತ್ತಿದ್ದೆ. ಬೆರಳ ಸಂದಿ ಬಿರಿದು, ಸಂಜೆ ಮಗುವಿನ ತಲೆ ಸವರಿದರೆ ಕೂದಲು ಚರ್ಮಕ್ಕೆ ಸಿಕ್ಕಿಕೊಳ್ಳುತ್ತಿತ್ತು.

ಈ ಕೋಶಗಳು ಹುಟ್ಟಾ ಕೊಬ್ಬಲ್ಲ. ಮೊದಲು ಸೊರಗಿದ ಎಲೆಗಳಂತೆ ತೆಳ್ಳಗೆ, ಉದ್ದುದ್ದ ಚಾಚಿಕೊಂಡಿರುತ್ತವೆ. ಅವಕ್ಕೆ ಒಂದು ಔಷಧಿ ಮಿಶ್ರಣ ಕೊಡುತ್ತೇವೆ. ನಮ್ಮ ಬಾಯಲ್ಲಿ ಅದರ ಹೆಸರು ಕಷಾಯ. ಕಷಾಯ ಕುಡಿದ ಹತ್ತು ದಿನಕ್ಕೆ ಅದೇ ಕೋಶಗಳು ದುಂಡಗಾಗಿ, ಒಳಗೆಲ್ಲ ಎಣ್ಣೆಯ ಹನಿ ತುಂಬಿಕೊಂಡು ಕೂರುತ್ತವೆ. ಎಣ್ಣೆಗೆ ಮಾತ್ರ ಅಂಟುವ ಕೆಂಪು ಬಣ್ಣ ಹಾಕಿ ತೊಳೆದರೆ ಕೊಬ್ಬು ತುಂಬಿದ ಗುಳಿ ಕುಂಕುಮ ಚೆಲ್ಲಿದ ಹಾಗೆ ಕೆಂಪಗೆ ಉಳಿಯುತ್ತದೆ. ಕೊಬ್ಬಿಲ್ಲದ ಗುಳಿ ಬಿಳಿ.

ನಮಗೆ ಬೇಕಾಗಿದ್ದದ್ದು ಬಿಳಿ. ಎಂಟು ತಿಂಗಳಿಂದ ಸಿಗುತ್ತಿದ್ದದ್ದು ಕೆಂಪು.

ಯಾಕೆ ಬಿಳಿ ಬೇಕು ಎಂದು ಅಕ್ಕನಿಗೆ ಒಮ್ಮೆ ವಿವರಿಸಿದ್ದೆ. ಅಕ್ಕ ಮನೆಯ ಕೆಳಗಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ನನ್ನ ಗಂಡ ದೂರದ ಬಸ್ಸು ಓಡಿಸುವುದರಿಂದ ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳನ್ನು ಸಾಕಿದ್ದು ಅರ್ಧ ನಾನು, ಅರ್ಧ ಅಕ್ಕನ ಹೊಲಿಗೆ ಮಿಷನ್ನು.

"ನೀನು ಬಟ್ಟೆಗೆ ಅಳತೆ ಚೀಟಿ ಚುಚ್ಚಿರ್ತೀಯಲ್ಲ, ಅದನ್ನ ನೋಡಿ ತಾನೆ ಹೊಲಿಯೋದು?" ಎಂದೆ. "ಕೋಶದ ಒಳಗೂ ಹಂಗೇ. ನಡುವಿನ ಕೋಣೆಯಿಂದ ಉದ್ದುದ್ದ ಚೀಟಿ ಬರತ್ತೆ, ಇಂಥದ್ದು ತಯಾರು ಮಾಡಿ ಅಂತ. ಮೈಕ್ರೋಆರ್‌ಎನ್‌ಎ ಅಂತ ಇನ್ನೊಂದಿದೆ, ಅದು ಪುಟಾಣಿ ಚೀಟಿ. ಬರೀ ಇಪ್ಪತ್ತು ಇಪ್ಪತ್ತೆರಡು ಅಕ್ಷರ. ಬಂದು ಉದ್ದ ಚೀಟಿಗೆ ಅಂಟ್ಕೊಂಡ್ರೆ ಮುಗೀತು. ಆ ಚೀಟಿ ಓದೋಹಾಗಿಲ್ಲ, ಆ ಕೆಲಸ ಆಗೋಹಾಗಿಲ್ಲ."

"ಇಷ್ಟುದ್ದದ್ದು ಅಷ್ಟುದ್ದದ್ದರ ಬಾಯಿ ಮುಚ್ಚಿಸತ್ತಾ?"

"ಹೂಂ. ನಮ್ಮ ಕೋಶದಲ್ಲಿ ಒಂದು ಉದ್ದ ಚೀಟಿ, 'ಕೊಬ್ಬಾಗಬೇಡ, ಇದ್ದಂಗೇ ಇರು' ಅನ್ನೋದು. ಪುಟಾಣಿ ಹೋಗಿ ಅದರ ಬಾಯಿ ಮುಚ್ಚತ್ತೆ ಅಂತ ನಮಗೆ ಅನುಮಾನ. ಆಗ ಕೋಶ ಕೊಬ್ಬಿನ ದಾರಿ ಹಿಡಿಯತ್ತೆ. ಆ ಪುಟಾಣೀನ ಹಿಡಿದುಹಾಕೋಕೆ ನಾವು ಇನ್ನೊಂದು ತುಂಡು ಕಳಿಸ್ತೀವಿ. ಅದು ತಡೆ. ತಡೆ ಸರಿಯಾಗಿ ಕೆಲಸ ಮಾಡಿದ್ರೆ ಕಷಾಯ ಕುಡಿದ್ರೂ ಕೋಶ ಕೊಬ್ಬಾಗಬಾರದು. ಬಿಳಿ ಉಳೀಬೇಕು."

ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು. "ಅಂದ್ರೆ, ಬೇಡ ಅನ್ನೋರಿಗೆ ಬೇಡ ಅನ್ನೋರಿಗೆ ಬೇಡ ಅನ್ನೋದು. ನಮ್ಮತ್ತೆ ಮನೇಲಿ ಇದ್ದಂಗೇ ಇದೆ ಬಿಡು."

ಅಕ್ಕನದು ತುಂಬು ಮೈ. ನೀರು ಕುಡಿದರೂ ಮೈಗೆ ಹತ್ತುತ್ತದೆ ಎಂದು ಅವಳ ದೂರು. ಇವಳು ಬಾಯಿ ಕಟ್ಟುವುದಿಲ್ಲ ಎಂದು ಊರವರ ದೂರು. ಅವಳ ಬಾಯಿ ಎಷ್ಟು ಕಟ್ಟಿದೆಯೆಂದು ಒಂದೇ ಅಡಿಗೆಮನೆಯಲ್ಲಿ ಉಣ್ಣುವ ನನಗೆ ಗೊತ್ತು.

ತಡೆಯ ಕೆಲಸ ಮಾಡುತ್ತಿದ್ದವಳು ಸಂಶೋಧನೆಗೆ ಬಂದ ಹುಡುಗಿ. ಒಂದು ನಿಮಿಷ ನಿಂತಲ್ಲಿ ನಿಂತವಳಲ್ಲ. ಚಕ್ರದ ಕುರ್ಚಿಯ ಮೇಲೆ ಕೂತರೆ ಯೋಚನೆ ಮುಗಿಯುವ ತನಕ ಸುತ್ತುತ್ತಲೇ ಇರುತ್ತಾಳೆ. ನಾನಿಟ್ಟ ಹೆಸರು ಗಿರಗಿಟ್ಲೆ. ಅವಳು ನನ್ನನ್ನು ಆಂಟಿ ಎನ್ನುತ್ತಾಳೆ. ಬೇಡವೆಂದು ಹೇಳಿ ಹೇಳಿ ನನ್ನ ನಾಲಗೆ ಸವೆದಿದೆ. ಇವಳ ಮೇಲೆ ನಮ್ಮ ಮುಖ್ಯಸ್ಥರು, ಕತ್ತರಿ ಸಾರ್. ಯಾರು ಏನೇ ಬರೆದುಕೊಂಡು ಹೋದರೂ ಅರ್ಧ ಕತ್ತರಿಸಿ ವಾಪಸು ಕೊಡುವವರು. ಎಂಟು ತಿಂಗಳು ಕೆಂಪು ನೋಡಿ ಅವರು ನಮ್ಮನ್ನೇ ಕತ್ತರಿಸಲು ಹೊರಟರು. ಕೋಣೆಯ ಬಾಗಿಲಿಗೆ ಒಂದು ಹಾಳೆ ಬಂತು: "ಮುಂದಿನ ಶುಕ್ರವಾರದಿಂದ ಈ ಕೋಣೆಯನ್ನು ಮುಚ್ಚಲಾಗುವುದು." ಕೊನೆಯ ಎರಡು ತಟ್ಟೆಯ ಪ್ರಯೋಗದಲ್ಲೂ ಬಿಳಿ ಸಿಗದಿದ್ದರೆ ಗಿರಗಿಟ್ಲೆ ಬೇರೆ ವಿಷಯ ಹುಡುಕಿಕೊಳ್ಳಬೇಕು. ನಾನು ನೆಲಮಾಳಿಗೆಗೆ ಇಳಿದು ಮತ್ತೆ ಸೀಸೆ ತೊಳೆಯಬೇಕು.

ಆ ಎರಡು ತಟ್ಟೆಗಳ ವಿಷಯ ಹೇಳುತ್ತೇನೆ.

ಶನಿವಾರ ಬೆಳಿಗ್ಗೆ ನಾನು ಕೋಣೆಗೆ ಹೋದಾಗ ಗಿರಗಿಟ್ಲೆ ಇರಲಿಲ್ಲ. ಹಲ್ಲುನೋವೆಂದು ಬೇಗ ಬಂದು ಬೇಗ ಹೋಗಿದ್ದಳು. ಎರಡನೇ ತಟ್ಟೆಯ ಮುಚ್ಚಳದ ಮೇಲೆ ಒಂದು ಹಳದಿ ಚೀಟಿ. ಒಂದೇ ಪದ. ನಾನು ಓದಿದ್ದು "ತಡೆ" ಎಂದು. ಫ್ರಿಜ್ಜಿನಲ್ಲಿ ತಡೆಯ ಎರಡು ಸಣ್ಣ ಕೊಳವೆ ತಯಾರಿದ್ದವು. ಒಂದನ್ನು ತೆಗೆದು ಎರಡನೇ ತಟ್ಟೆಯ ಆರೂ ಗುಳಿಗೆ ಅಳತೆ ಪ್ರಕಾರ ಹಾಕಿದೆ. ಎಂದೂ ಕಷಾಯದ ಜೊತೆಗೇ ತಡೆ ಹಾಕುವ ಹುಡುಗಿ ಈ ಸಲ ಎರಡು ದಿನ ಮೊದಲೇ ಯಾಕೆ ಹಾಕಿಸುತ್ತಿದ್ದಾಳೆ ಎಂಬ ಪ್ರಶ್ನೆ ಬಂತು. ಓದಿದವರ ಲೆಕ್ಕ ಓದಿದವರಿಗೆ ಎಂದು ಸುಮ್ಮನಾದೆ. ದಾಖಲೆ ಪುಸ್ತಕದಲ್ಲಿ "ಎರಡನೇ ತಟ್ಟೆ: ತಡೆ" ಎಂದು ಬರೆದು, ವೇಳೆ ಹಾಕಿ, ಸಹಿ ಮಾಡಿದೆ. ಚೀಟಿ ಕಳೆಯದಿರಲಿ ಎಂದು, ಹೊರಗೆ ಬಂದ ಮೇಲೆ ಮೊಬೈಲಿನ ಬೆನ್ನಿಗಿರುವ ಪಾರದರ್ಶಕ ಕವರಿನೊಳಗೆ ಸಿಕ್ಕಿಸಿದೆ. ಆಮೇಲೆ ಮರೆತೆ. ಸಾಕುವ ಜೀವಗಳು ಮನೆಯಲ್ಲೂ ಇವೆ, ಇಲ್ಲೂ ಇವೆ. ತಲೆಯಲ್ಲಿ ಜಾಗ ಎಷ್ಟು ತಾನೇ ಇರುತ್ತದೆ.

ಸೋಮವಾರ ಎರಡೂ ತಟ್ಟೆಗೆ ಕಷಾಯ ಹಾಕಿದವಳು ನಾನೇ. ಮೊದಲನೆಯದಕ್ಕೆ ಅವತ್ತೇ ಗಿರಗಿಟ್ಲೆ ತನ್ನ ಕೈಯಾರೆ ತಡೆ ಹಾಕಿದಳು. ಹತ್ತು ದಿನ ಕಾದೆವು.

ಹತ್ತನೇ ದಿನ ಗುರುವಾರ. ಕೆಂಪು ಬಣ್ಣ ಹಾಕುವ ದಿನ. ಮಧ್ಯಾಹ್ನ ಶಾಲೆಯಿಂದ ಫೋನು: ಮಗಳಿಗೆ ವಾಂತಿ, ಬಂದು ಕರೆದುಕೊಂಡು ಹೋಗಿ. ಹನ್ನೊಂದು ವರ್ಷದಲ್ಲಿ ನಾನು ತಪ್ಪಿಸಿಕೊಂಡ ಮೊದಲ ಬಣ್ಣದ ದಿನ ಅದು. ಮಗಳನ್ನು ಕರೆತಂದು, ಅಂಗಡಿಯ ಕತ್ತರಿಸಿದ ಬಟ್ಟೆಗಳ ರಾಶಿಯ ಪಕ್ಕದ ಮಂಚದಲ್ಲಿ ಮಲಗಿಸಿ, ತಲೆ ಒತ್ತುತ್ತಾ ಕೂತಿದ್ದೆ. ನಾಲ್ಕೂವರೆಗೆ ಗಿರಗಿಟ್ಲೆಯ ಸಂದೇಶ ಬಂತು.

"ಎಲ್ಲ ಮುಗೀತು ಆಂಟಿ. ಮೊದಲನೇ ತಟ್ಟೆ ಎಂದಿನ ಹಾಗೆ ಕೆಂಪು. ಎರಡನೇದಂತೂ ಹಾಳೇ ಆಗಿದೆ. ನೀವು ಕಷಾಯ ಹಾಕೋದು ಮರ್ತಿದ್ದೀರ. ಪರವಾಗಿಲ್ಲ. ಐದೂವರೆಗೆ ಎಲ್ಲ ಬಕೆಟ್ಟಿಗೆ ಸುರಿದು ಬೀಗ ಸಾರಿಗೆ ಕೊಟ್ಟುಬಿಡ್ತೀನಿ."

ಓದಿ ಮೈಯೆಲ್ಲ ಉರಿಯಿತು. ಕೋಣೆ ಹೋಯಿತು ಎನ್ನುವುದಕ್ಕಿಂತ ಆ "ಪರವಾಗಿಲ್ಲ" ಚುಚ್ಚಿತು. ವಾಪಸು ಫೋನು ಮಾಡಿದೆ. ಎತ್ತಲಿಲ್ಲ. ಕೋಶದ ಕೋಣೆಯೊಳಗೆ ಫೋನು ಒಯ್ಯುವಂತಿಲ್ಲ.

"ಏನಾಯ್ತೇ, ಮುಖ ಯಾಕೆ ಹಂಗೆ ಊದಿಸ್ಕೊಂಡಿದೀಯ?" ಅಕ್ಕ ಮಿಷನ್ ನಿಲ್ಲಿಸಿ ಕೇಳಿದಳು.

"ಕಷಾಯ ಮರ್ತೆನಂತೆ. ನಾನು. ನನ್ನ ಕೂಸಿಗೆ ಹಾಲು ಮರ್ತಿರಬಹುದು, ಅವಕ್ಕೆ ಕಷಾಯ ಮರ್ತಿಲ್ಲ."

"ನಿಜ, ಅಮ್ಮ ನಂಗೆ ಎರಡು ಸಲ ಮರ್ತಿದಾಳೆ," ಎಂದಿತು ಮಂಚದಿಂದ ಒಂದು ಕ್ಷೀಣ ದನಿ.

"ವಾಂತಿ ಮಾಡ್ಕೊಂಡೋರು ಸುಮ್ಮನೆ ಮಲಗಬೇಕು," ಎಂದಳು ಅಕ್ಕ. ಆಮೇಲೆ ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡಳು. "ಕೊಡಿಲ್ಲಿ. ಆ ಹುಡುಗಿ ಹತ್ರ ನಾನು ಮಾತಾಡ್ತೀನಿ. ಕೊಬ್ಬು ಇಳಿಸ್ತೀನಿ." ಕನ್ನಡಕ ಹಣೆಯಿಂದ ಕಣ್ಣಿಗೆ ಇಳಿಸಿದಳು. ಮೊಬೈಲು ಹಿಂದುಮುಂದಾಗಿ ಹಿಡಿದಿದ್ದಳು. ಹಾಗಾಗಿ ಅವಳಿಗೆ ಕಂಡದ್ದು ಬೆನ್ನು.

"ಇದೇನು ಅಂಟಿಸ್ಕೊಂಡಿದೀಯ? 'ತಡಿ' ಅಂತೆ. ಯಾರಿಗೆ ತಡಿಯೋಕೆ ಹೇಳಿರೋದು?"

"ಅದು ತಡೆ."

"ತಡಿ."

"ತಡೆ ಅಕ್ಕ. ಆ ಔಷಧಿ ಹೆಸರು. ನಾನು ಹೇಳಿದ್ನಲ್ಲ, ಬೇಡ ಅನ್ನೋರಿಗೆ ಬೇಡ ಅನ್ನೋದು."

ಅಕ್ಕ ಚೀಟಿಯನ್ನು ಕವರಿನಿಂದ ಈಚೆ ಎಳೆದು, ಮಿಷನ್ನಿನ ಪುಟ್ಟ ದೀಪದ ಕೆಳಗೆ ಹಿಡಿದಳು. "ಮೂವತ್ತು ವರ್ಷದಿಂದ ಊರಿನೋರ ಕಾಗೆ ಕಾಲು ಗುಬ್ಬಿ ಕಾಲು ಓದ್ಕೊಂಡು ಬಟ್ಟೆ ಹೊಲೀತಿರೋಳು ನಾನು. ನೋಡಿಲ್ಲಿ. ತಲೆ ಮೇಲೆ ದುಂಡಗೆ ಸುತ್ತು ಬಂದಿದೆ. ಇದು ಗುಡಿಸು. ಎತ್ವ ಆಗಿದ್ರೆ ಬಾಲ ಈ ಕಡೆಗೆ ಎಳೀತಿತ್ತು. ತಡಿ ಅಂದ್ರೆ ತಡಿ. ಸ್ವಲ್ಪ ನಿಲ್ಲು, ಏನೂ ಮಾಡಬೇಡ ಅಂತ."

ನೋಡಿದೆ. ಗುಡಿಸೇ ಹೌದು. ಕೋಣೆಯಲ್ಲಿ ನಾವು ಮಾತಾಡುವಾಗ ಎರಡನ್ನೂ 'ತಡಿ' ಎಂದೇ ಅನ್ನುತ್ತಿದ್ದೆವು. "ತಡಿ ಹಾಕಿದ್ರಾ ಆಂಟಿ", "ಸ್ವಲ್ಪ ತಡಿಯೇ ಹುಡುಗಿ". ಬಾಯಿಯ ತಪ್ಪು ಕಣ್ಣಿಗೂ ಹತ್ತಿತ್ತು.

ಮೊದಲು ಹೊಳೆದದ್ದು ನನ್ನ ತಪ್ಪು. ಎರಡನೇ ತಟ್ಟೆಗೆ ತಡೆ ಹಾಕಲೇಬಾರದಿತ್ತು. ಅದು ಹೋಲಿಸಿ ನೋಡಲು ಇಟ್ಟ ತಟ್ಟೆ; ಬರೀ ಕಷಾಯ ಕುಡಿದು ಕೆಂಪಗಾಗಬೇಕಾದದ್ದು. ನಾನು ಅದನ್ನು ಕೆಡಿಸಿದ್ದೇನೆ. ಹೇಳದೆ ಕೇಳದೆ ಏನಾದರೂ ಹಾಕಿದವರು ಆ ಕೋಣೆಯಲ್ಲಿ ಉಳಿದದ್ದಿಲ್ಲ.

ಆಮೇಲೆ, ಒಂದು ಉಸಿರಿನಷ್ಟು ಹೊತ್ತಿನಲ್ಲಿ, ಬೇರೇನೋ ತಲೆಗೆ ಹೊಕ್ಕಿತು.

"ಅಕ್ಕ, ಕೆಂಪಗಾಗಬೇಕಾಗಿದ್ದ ತಟ್ಟೆ ಹಾಳಾಗಿದೆ ಅಂದ್ರೆ ಅದು ಹೆಂಗಿರತ್ತೆ?"

"ನನ್ನ ಕೇಳ್ತೀಯಲ್ಲ. ಕೆಂಪಗಿರಲ್ಲ."

"ಕಷಾಯ ಮರ್ತಿದ್ದೀರ ಅಂತ ಬೈತಿದಾಳೆ ಅಂದ್ರೆ?"

"ಕಷಾಯ ಕುಡಿದಿಲ್ಲದ ಹಾಗೆ ಕಾಣ್ತಿದೆ."

"ಕಷಾಯ ನಾನು ಹಾಕಿದೀನಿ. ಆಣೆ ಬೇಕಾದ್ರೆ ಮಾಡ್ತೀನಿ."

ಅಕ್ಕ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. "ಮತ್ತೆ ಬಿಳಿ ಯಾಕಾಯ್ತು?"

ನಾನು ಎದ್ದು ನಿಂತಿದ್ದೆ. ಮೊದಲನೇ ತಟ್ಟೆಗೆ ತಡೆ ಮತ್ತು ಕಷಾಯ ಒಟ್ಟಿಗೇ: ಕೆಂಪು. ಎರಡನೆಯದಕ್ಕೆ ತಡೆ ಎರಡು ದಿನ ಮೊದಲು, ಆಮೇಲೆ ಕಷಾಯ: ಬಿಳಿ. ಅದೇ ತಡೆ, ಅದೇ ಕಷಾಯ, ಅದೇ ಕೋಶ. ವ್ಯತ್ಯಾಸ ಎರಡು ದಿನ. ಎಂಟು ತಿಂಗಳಿಂದ ನಾವು ಬಸ್ಸು ಬಿಟ್ಟ ಮೇಲೆ ನಿಲ್ದಾಣಕ್ಕೆ ಓಡುತ್ತಿದ್ದೆವು. ಕಷಾಯ ಬೀಳುವ ಹೊತ್ತಿಗೆ ಆ ಪುಟಾಣಿ ಚೀಟಿ ತನ್ನ ಕೆಲಸ ಮುಗಿಸಿ ಕೂತಿರುತ್ತಿತ್ತು. ಮೊದಲೇ ಹೋಗಿ ಅದನ್ನು ಹಿಡಿಯಬೇಕಿತ್ತು.

"ಅಕ್ಕ, ಅದು ಕೆಲಸ ಮಾಡಿದೆ."

"ಯಾವುದೇ?"

"ಎಲ್ಲಾ." ಗಡಿಯಾರ ನೋಡಿದೆ. ನಾಲ್ಕು ಐವತ್ತು. "ಐದೂವರೆಗೆ ಬಕೆಟ್ಟಿಗೆ ಸುರೀತಾಳೆ."

"ಓಡು," ಎಂದಳು ಅಕ್ಕ. ಮಗಳು ತಲೆಯೆತ್ತಿ, "ಅಮ್ಮ, ಚಪ್ಪಲಿ," ಎಂದಳು. ಮೊಬೈಲು, ಚೀಟಿ ಎರಡನ್ನೂ ಕಿತ್ತುಕೊಂಡು ಬರಿಗಾಲಲ್ಲಿ ಬಾಗಿಲು ದಾಟಿದ್ದೆ.

ಬಸ್ಸು ಸಿಕ್ಕಿತು. ಸಿಕ್ಕಿದ ಬಸ್ಸು ಎರಡನೇ ಸಿಗ್ನಲ್ಲಿನಲ್ಲಿ ಬೇರೂರಿ ನಿಂತಿತು. ಮುಂದೆ ಕಾರುಗಳ ಸಾಲು ಅಲ್ಲಾಡುವ ಲಕ್ಷಣವೇ ಇರಲಿಲ್ಲ. ಇಳಿದು ಓಡಿದೆ. ಮಗು ಹುಟ್ಟಿದ ಮೇಲೆ ನಾನು ಓಡಿದವಳೇ ಅಲ್ಲ. ದಾರಿಯುದ್ದಕ್ಕೂ ಫೋನು ಮಾಡುತ್ತಾ, ಏದುಸಿರು ಬಿಡುತ್ತಾ, ಎದ್ದೆನೋ ಬಿದ್ದೆನೋ ಎಂದು ಗೇಟಿಗೆ ಬಂದಾಗ ಕಾವಲಿನವರು "ಏನು ಬೆಂಕಿನಾ?" ಎಂದರು. "ಬಿಳಿ," ಎಂದೆ. ಅವರಿಗೆ ಅದು ಏನರ್ಥವಾಯಿತೋ, ಬಾಗಿಲು ಮಾತ್ರ ತೆಗೆದರು.

ಕೋಶದ ಕೋಣೆಯ ಬಾಗಿಲಿನಲ್ಲಿ ಮುಖದಷ್ಟಗಲದ ಗಾಜಿದೆ. ಒಳಗೆ ಗಿರಗಿಟ್ಲೆ ಬ್ಲೀಚಿನ ಬಕೆಟ್ಟಿನ ಮುಂದೆ ಕೂತಿದ್ದಳು. ಕುರ್ಚಿ ಸುತ್ತುತ್ತಿರಲಿಲ್ಲ. ಆ ಹುಡುಗಿಯ ಕುರ್ಚಿ ನಿಂತದ್ದನ್ನು ನಾನು ಅಂದೇ ನೋಡಿದ್ದು. ಮೊದಲನೇ ತಟ್ಟೆ ಆಗಲೇ ಬಕೆಟ್ಟಿನಲ್ಲಿ ತೇಲುತ್ತಿತ್ತು. ಎರಡನೆಯದು ಅವಳ ಕೈಯಲ್ಲಿ, ಓರೆಯಾಗಿ.

ಗಾಜಿಗೆ ಗುದ್ದಿ ಕೂಗಿದೆ. "ತಡಿ!"

ಕೈ ನಿಂತಿತು. ಹನ್ನೆರಡು ದಿನದಲ್ಲಿ ಆ ಪದ ತಪ್ಪಿಲ್ಲದೆ ತಲುಪಿದ್ದು ಆಗಲೇ.

ಕೋಟು ತೊಟ್ಟು, ಕಾಲಿಗೆ ಕವರು ಹಾಕಿಕೊಂಡು ಒಳಗೆ ಹೋಗಿ ಹೇಳಿದೆ. ಉಸಿರು ಸಿಕ್ಕಿದಷ್ಟು ಸಿಕ್ಕಿದಷ್ಟು ಹೇಳಿದೆ. ತಪ್ಪು ನನ್ನದು ಎಂದು ಮೊದಲು ಹೇಳಿದೆ. ಅದನ್ನು ಕೊನೆಗಿಟ್ಟರೆ ಬಾಯಿ ಬರುವುದಿಲ್ಲವೆಂದು ಗೊತ್ತಿತ್ತು.

"ಆದ್ರೆ ಆಂಟಿ, ನಾನು ಪುಸ್ತಕ ನೋಡಿದೆನಲ್ಲ," ಎಂದಳು. ಓಡಿಹೋಗಿ ದಾಖಲೆ ಪುಸ್ತಕ ತಂದಳು. "ಇಲ್ಲಿ ನೀವೇ ಬರೆದಿದ್ದೀರ. ಎರಡನೇ ತಟ್ಟೆ: ತಡಿ. ಹೇಳಿದ ಹಾಗೆ ಸುಮ್ಮನೆ ಬಿಟ್ಟಿದ್ದೀರ ಅಂದ್ಕೊಂಡೆ."

ಇಬ್ಬರೂ ಆ ಅಕ್ಷರದ ಮೇಲೆ ಬಗ್ಗಿದೆವು. ನಾನು ಬರೆದ ಎತ್ವ ಗುಡಿಸಿನ ಹಾಗಿತ್ತು. ಅವಳು ಬರೆದ ಗುಡಿಸನ್ನು ನಾನು ಎತ್ವ ಮಾಡಿದ್ದೆ. ಅವಳಿಗೆ ನಗು ಬಂತು, ನನಗೂ ಬಂತು. ಮರುಕ್ಷಣ ಇಬ್ಬರಿಗೂ ನಗು ನಿಂತಿತು.

"ಸತ್ತಿದ್ರೆ?" ಎಂದಳು. "ಕೋಶ ಸತ್ತುಹೋಗಿ ಬಿಳಿ ಆಗಿದ್ರೆ?"

ಸತ್ತ ಕೋಶ ತಳ ಬಿಟ್ಟು ತೇಲಿ ತೊಳೆದುಹೋಗುತ್ತದೆ, ತಳ ಬೋಳಾಗುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ತಟ್ಟೆ ಇಟ್ಟಳು. ನೋಡಿದಳು. ಎದ್ದು ನನಗೆ ಜಾಗ ಬಿಟ್ಟಳು.

ತಳ ಬೋಳಾಗಿರಲಿಲ್ಲ. ಅಂಚಿನಿಂದ ಅಂಚಿಗೆ ಕೋಶದ ಚಾಪೆ, ಎಲ್ಲೂ ಹರಿದಿಲ್ಲ. ಕಷಾಯ ಕುಡಿದು ಹತ್ತು ದಿನ ಕಳೆದಿದ್ದರೂ ತೆಳ್ಳಗೆ, ಉದ್ದಕ್ಕೆ, ನಾನು ಮೊದಲ ದಿನ ಬಿಟ್ಟಂತೆಯೇ ಚಾಚಿಕೊಂಡಿದ್ದವು. ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ. ಉಳಿದದ್ದೆಲ್ಲ ಬಿಳಿ. ಗುಳಿ ಬದಲಿಸಿದೆ. ಬಿಳಿ. ಇನ್ನೊಂದು. ಬಿಳಿ. ಆರಕ್ಕೆ ಆರು.

ಹಿಂದಿನಿಂದ ಕುರ್ಚಿಯ ಚಕ್ರದ ಸದ್ದು ಕೇಳಿಸಿತು. ಸುತ್ತಲು ಶುರುಮಾಡಿದ್ದಳು.

ಬೀಗಕ್ಕೆಂದು ಬಂದ ಕತ್ತರಿ ಸಾರ್ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದರು. ಗಿರಗಿಟ್ಲೆ ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ. ಚೀಟಿ ತೋರಿಸಿದೆ, ಪುಸ್ತಕ ತೋರಿಸಿದೆ. ಅವರು ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದನ್ನ ತಡಿ ಅಂತ ಓದಿದ್ದು ಯಾರು?"

"ನಮ್ಮಕ್ಕ ಸಾರ್. ಹೊಲಿಗೆ ಕೆಲಸ."

"ನೋಡಿದ್ದನ್ನ ನೋಡಿದ ಹಾಗೆ ಓದೋರು ಬೇಕು ನಮಗೆ. ಇಲ್ಲಿ ಅಂಥವರು ಯಾರೂ ಇದ್ದಂತಿಲ್ಲ." ಸೂಕ್ಷ್ಮದರ್ಶಕದ ಮುಂದೆ ಕೂತರು. ತುಂಬಾ ಹೊತ್ತು ಏಳಲಿಲ್ಲ. ಎದ್ದಾಗ ಮುಖದಲ್ಲಿ ಏನೂ ಇರಲಿಲ್ಲ. ಕನ್ನಡಕ ಮಾತ್ರ ಹಣೆ ಮೇಲೆ ಹೋಗಿತ್ತು.

"ಇದು ಫಲಿತಾಂಶ ಅಲ್ಲ. ಇದು ಎಡವಟ್ಟು," ಎಂದರು. "ತಡೆಯನ್ನ ಒಳಗೆ ಸಾಗಿಸೋಕೆ ಒಂದು ಜಿಡ್ಡು ಸುತ್ತಿ ಕಳಿಸ್ತೀರಲ್ಲ, ಎರಡು ದಿನ ಮೊದಲು ಬಿದ್ದ ಆ ಜಿಡ್ಡೇ ಕೋಶಕ್ಕೆ ಗ್ರಹಚಾರ ಬಿಡಿಸಿದ್ರೆ? ಅದನ್ನ ಯಾರು ನೋಡಿದ್ರು?"

"ಹುಸಿ ತಡೆ ಇಡ್ತೀವಿ ಸಾರ್," ಎಂದಳು ಗಿರಗಿಟ್ಲೆ. ಅರ್ಥವಿಲ್ಲದ ಅಕ್ಷರಗಳ ತುಂಡು ಅದು, ಯಾರನ್ನೂ ಹಿಡಿಯುವುದಿಲ್ಲ. "ಅದೇ ಜಿಡ್ಡಲ್ಲಿ, ಅದೇ ಎರಡು ದಿನ ಮೊದಲು. ಅದು ಕೆಂಪಾಗಬೇಕು. ನಿಜವಾದ್ದು ಬಿಳಿ ಆಗಬೇಕು."

"ಕೋಶ ಎಲ್ಲಿದೆ?"

ದ್ರವ ಸಾರಜನಕದ ಪೀಪಾಯಿಯಲ್ಲಿ ಹೆಪ್ಪುಗಟ್ಟಿಸಿಟ್ಟ ಒಂದೇ ಒಂದು ಸೀಸೆ ಉಳಿದಿತ್ತು. ಸಾರ್ ನನ್ನ ಕಡೆ ತಿರುಗಿದರು. "ಮೂರು ವಾರ. ಅದನ್ನ ಕರಗಿಸೋದು, ಬೆಳೆಸೋದು, ಉಣಿಸೋದು ಎಲ್ಲ ನೀವೇ. ಅದು ಸತ್ರೆ ನಾನೇನೂ ಮಾಡಕ್ಕಾಗಲ್ಲ. ಮತ್ತೆ ತಟ್ಟೆ ಮೇಲೆ ಪದ ಬರೆಯೋಹಾಗಿಲ್ಲ. ಅಂಕಿ. ಯಾವ ಅಂಕಿಗೆ ಯಾವುದು ಅಂತ ನನಗೆ ಮಾತ್ರ ಗೊತ್ತಿರ್ಲಿ. ಕೊಳವೆಗಳಿಗೆ ನಾನೇ ಅಂಕಿ ಹಾಕಿ ಕೊಡ್ತೀನಿ."

ಬಾಗಿಲಿನ ಹಾಳೆ ತೆಗೆಯಲಿಲ್ಲ. ಮೂರು ವಾರವೂ ಅದರ ಪಕ್ಕದಲ್ಲೇ ಒಳಗೆ ಹೋಗಿ ಹೊರಗೆ ಬಂದೆ.

ಆ ಸೀಸೆಯನ್ನು ಬೆಚ್ಚಗಿನ ನೀರಿನಲ್ಲಿ ಹಿಡಿದು ಕರಗಿಸಿದೆ. ಮೊದಲ ದಿನ ಅರ್ಧಕ್ಕರ್ಧ ಕೋಶ ತಳ ಹಿಡಿಯಲೇ ಇಲ್ಲ. ಎರಡನೇ ದಿನ ಉಳಿದ ಅರ್ಧ ಕೈಕಾಲು ಚಾಚಿದವು. ಮೂರನೇ ದಿನ ಒಂದು ಎರಡಾಗುತ್ತಿದ್ದದ್ದು ಕಂಡಿತು. ಮನೆಗೆ ಬಂದು "ಹಿಡ್ಕೊಂಡ್ವು" ಎಂದರೆ ಸಾಕು, ಅಕ್ಕನಿಗೂ ಮಗಳಿಗೂ ತಿಳಿಯುತ್ತಿತ್ತು. ಮಗಳು ಶಾಲೆಯ ಪುಸ್ತಕದ ಹಿಂದೆ ದಿನ ಗೀಟು ಹಾಕುತ್ತಿದ್ದಳು. ಭಾನುವಾರ ನಾನು ಕೋಶಕ್ಕೆ ಉಣಿಸಲು ಹೊರಟರೆ ಅಕ್ಕ, "ಹೋಗು, ನಿನ್ನ ತೆಳ್ಳನೆ ಮಕ್ಕಳು ಕಾಯ್ತಿರ್ತಾವೆ, ಈ ದಪ್ಪಗಿರೋಳನ್ನ ಯಾರು ಕೇಳ್ತಾರೆ," ಎಂದು ಡಬ್ಬಿ ಕೈಗಿಡುತ್ತಿದ್ದಳು.

ಮೂರು ತಟ್ಟೆ. ಒಂದು, ಎರಡು, ಮೂರು. ಸಾರ್ ಹೇಳಿದ ದಿನ ಸಾರ್ ಕೊಟ್ಟ ಕೊಳವೆಯನ್ನು ಹಾಕಿದೆ. ಒಳಗೇನಿದೆಯೋ ನನಗೆ ಗೊತ್ತಿಲ್ಲ, ಗಿರಗಿಟ್ಲೆಗೂ ಗೊತ್ತಿಲ್ಲ. ಎರಡು ದಿನ ಕಳೆದು ಮೂರಕ್ಕೂ ಕಷಾಯ. ಈ ಸಲ ಕಷಾಯ ಹಾಕುವಾಗ ಗಿರಗಿಟ್ಲೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ. "ನೋಡ್ಕೋ. ಆಮೇಲೆ ಪರವಾಗಿಲ್ಲ ಅಂತ ಸಂದೇಶ ಕಳಿಸೀಯ." ಅವಳು ಕಿವಿ ಹಿಡಿದುಕೊಂಡಳು.

ಬಣ್ಣದ ದಿನ ಮತ್ತೆ ಬಂತು. ಬೆಳಿಗ್ಗೆ ಮಗಳು, "ನಾನಿವತ್ತು ವಾಂತಿ ಮಾಡಲ್ಲ ಅಮ್ಮ," ಎಂದು ಮಾತು ಕೊಟ್ಟು ಶಾಲೆಗೆ ಹೋದಳು. ಬಣ್ಣ ಹಾಕಿ, ಕಾದು, ಒಂದೊಂದಾಗಿ ತೊಳೆದವಳು ನಾನು. ಕತ್ತರಿ ಸಾರ್ ಎದುರಿಗೆ ನಿಂತಿದ್ದರು. ಅವರ ಅಂಗಿಯ ಜೇಬಿನಲ್ಲಿ ಮಡಿಸಿದ ಹಾಳೆ.

ಒಂದನೇ ತಟ್ಟೆ ತೊಳೆದೆ. ಬಣ್ಣದ ನೀರು ಇಳಿಯಿತು, ಗುಳಿಗಳು ಕೆಂಪಗೆ ಉಳಿದವು. ಎರಡನೇದು ತೊಳೆದೆ. ಕೆಂಪು. ಗಿರಗಿಟ್ಲೆ ಕುರ್ಚಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. ಮೂರನೇದಕ್ಕೆ ನೀರು ಹಾಕಿದೆ. ಓರೆ ಮಾಡಿದೆ. ಕೆಂಪು ನೀರು ಹರಿದುಹೋಯಿತು. ಇನ್ನೊಮ್ಮೆ ಹಾಕಿದೆ. ಗುಳಿಗಳು ತೆಳುಗುಲಾಬಿಯಾದವು. ಇನ್ನೊಮ್ಮೆ. ತಟ್ಟೆಯ ಕೆಳಗೆ ಹಿಡಿದ ನನ್ನ ಬೆರಳುಗಳು ಗುಳಿಯ ತಳದಲ್ಲಿ ಕಂಡವು.

ಸಾರ್ ಮೂರನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಚಾಪೆ ಹರಿದಿಲ್ಲ, ಕೋಶಗಳು ತಳ ಬಿಟ್ಟಿಲ್ಲ. ಜೇಬಿನ ಹಾಳೆ ತೆಗೆದು ನನ್ನ ಕೈಗೇ ಕೊಟ್ಟರು. "ಓದಿ. ನಿಧಾನ. ಗುಡಿಸು ಯಾವುದು, ಎತ್ವ ಯಾವುದು ನೋಡಿಕೊಂಡು ಓದಿ."

"ಒಂದು: ಹುಸಿ, ಎರಡು ದಿನ ಮೊದಲು," ಎಂದು ಓದಿದೆ. ಕೆಂಪು. "ಎರಡು: ನಿಜವಾದ್ದು, ಕಷಾಯದ ದಿನವೇ." ಕೆಂಪು. ನನ್ನ ದನಿ ಯಾರದೋ ದನಿಯ ಹಾಗಿತ್ತು. "ಮೂರು: ನಿಜವಾದ್ದು, ಎರಡು ದಿನ ಮೊದಲು."

ಗಿರಗಿಟ್ಲೆ ಕುರ್ಚಿಯಿಂದ ಎದ್ದು ನನ್ನನ್ನು ಅಪ್ಪಿಕೊಂಡಳು. ಅವಳಿಲ್ಲದೆಯೂ ಕುರ್ಚಿ ಒಂದು ಸುತ್ತು ಸುತ್ತಿತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ಕೈಗವಸಿನಲ್ಲಿ ಮುಖ ಮುಟ್ಟುವಂತಿರಲಿಲ್ಲ. ಎಲ್ಲ ಹಾಗೇ ಇಳಿದುಹೋಯಿತು.

ಅಕ್ಕನಿಗೆ ಫೋನು ಮಾಡಲು ಹೊರಗೆ ಬಂದೆ. ಮಿಷನ್ನಿನ ಸದ್ದು ನಿಂತಿತು. "ಏನು ಬಣ್ಣ?" ಎಂದಳು.

"ಬಿಳಿ."

"ಹಂಗಾದ್ರೆ ನಾನು ದಪ್ಪ ಆಗಿದ್ದು ನಂಗೆ ಕೊಬ್ಬು ಜಾಸ್ತಿ ಆಗಿ ಅಲ್ಲ. ಯಾವುದೋ ಪುಟಾಣಿ ಚೀಟಿ ಯಾವಾಗಲೋ ಅಂಟ್ಕೊಂಡು ಆಗಿರಬಹುದು."

"ತಟ್ಟೆ ಮಾತು ತಟ್ಟೆಗೆ ಅಕ್ಕ. ಮೈ ಅಂದ್ರೆ ಇನ್ನೂ ದೊಡ್ಡ ಕತೆ. ಸುಳ್ಳು ಹೇಳಲ್ಲ."

"ಆಗಿರಬಹುದು ಅಂದೆ. ಆಗಿದೆ ಅಂದ್ನಾ? ಆಗಿರಬಹುದು ಅನ್ನೋಕೂ ಇಷ್ಟು ವರ್ಷ ಯಾರೂ ಬಿಟ್ಟಿರ್ಲಿಲ್ಲ ನನ್ನ." ಮೂಗೆಳೆದುಕೊಂಡ ಸದ್ದು. "ಬೇಗ ಬಾ. ಆ ಹುಡುಗೀನೂ ಕರ್ಕೊಂಡು ಬಾ, ಅಕ್ಷರ ತಿದ್ದಿಸ್ತೀನಿ."

ವಾಪಸು ಬಂದಾಗ ಕತ್ತರಿ ಸಾರ್ ಕೋಣೆಯ ಬಾಗಿಲಲ್ಲಿ ನಿಂತಿದ್ದರು. "ಈ ಕೋಣೆಯನ್ನು ಮುಚ್ಚಲಾಗುವುದು" ಎಂಬ ಹಾಳೆಯ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದು, ಕೆಳಗೆ ಒಂದು ಪದ ಗೀಚಿ ಸಹಿ ಹಾಕಿದ್ದರು. ಮೊದಲೆರಡು ಸೊನ್ನೆಯಂಥವು ತ ಮತ್ತು ಡ ಎಂದು ಊಹಿಸಬಹುದಿತ್ತು. ತುದಿಯಲ್ಲಿ ಒಂದು ಗೀಟು ಅತ್ತ ಸುತ್ತುವುದೋ ಇತ್ತ ಎಳೆಯುವುದೋ ತಿಳಿಯದೆ ನಡುವೆ ನಿಂತಿತ್ತು.

"ಸಾರ್," ಎಂದೆ, "ಇದು ತಡಿನಾ, ತಡೆನಾ?"

ಅವರು ತಾವೇ ಬರೆದದ್ದನ್ನು ದೂರ ನಿಂತು ನೋಡಿದರು, ಹತ್ತಿರ ಹೋಗಿ ನೋಡಿದರು. ಅವರಿಗೂ ತಿಳಿದಂತೆ ಕಾಣಲಿಲ್ಲ.

"ಯಾವುದಾದ್ರೂ ಬೀಗ ಹಾಕೋಹಾಗಿಲ್ಲ ಅಂತಲೇ ಅರ್ಥ," ಎಂದು ಬೀಗದ ಕೈ ನನ್ನ ಅಂಗೈಗೆ ಹಾಕಿದರು. "ಒಳಗೆ ಹೋಗಿ. ಉಳಿದ ಕೋಶಗಳಿಗೆ ಹಸಿವಾಗಿರತ್ತೆ."